ಷರಾ

ತೋರಣಗಲ್ಲಿನ ಮೂರನೇ ಗೇಟಿಗೆ ಅಂಟಿಕೊಂಡು
ಗುತ್ತಿಗೆದಾರನ ತಗಡಿನ ಆಫೀಸು.
ಟೇಬಲ್ಲು ಒರೆಸಿ ಒಂದು ಚಾ ಕುಡಿಯುವಷ್ಟರಲ್ಲಿ
ಮತ್ತೆ ಕೆಂಪು ಧೂಳು.
ಕೆಲಸ ಕೇಳಿ ಬಂದವರ ಕಾಗದ ನೋಡುವುದು ನನ್ನ ಕೆಲಸ:
ಆಧಾರ್, ಶಾಲೆಯ ಟಿಸಿ, ಠಾಣೆಯ ಪತ್ರ,
ಎರಡು ಫೋಟೋ, ಕಣ್ಣು ಮುಚ್ಚಿರಬಾರದು.
ಕೊನೆಯ ಕಾಲಮ್ಮು, ಷರಾ.
ಅಲ್ಲಿ ನಾನು ಒಂದು ಗೀಟು ಎಳೆದು
ಮುಂದಿನವರನ್ನು ಕರೆಯುತ್ತೇನೆ.

ಮಂಗಳವಾರದ ಎಂಟನೆಯವನು
ನಿರಾಪದ ಬಾರೋಯಿ. ಸಿಂಧನೂರು ತಾಲೂಕು,
ಮೂರನೇ ಕ್ಯಾಂಪು.
"ಎಲ್ಲ್ಯಾಂವಪಾ ನೀ?"
"ಇಲ್ಲ್ಯಾಂವನ ರೀ ಮೇಡಂ,
ಸಿಂಧನೂರ ಸರಕಾರಿ ದವಾಖಾನ್ಯಾಗ ಹುಟ್ಟೀನಿ."
"ನಿಮ್ಮಪ್ಪ?"

ಒಂದು ಉಸಿರಿನಷ್ಟು ತಡ.
ಅಷ್ಟು ಸಾಕಾಯಿತು ಸೆಕ್ಯುರಿಟಿ ರುದ್ರಮುನಿಗೆ,
ಕುರ್ಚಿಯಿಂದ ಎದ್ದು ಬಂದ.
"ಕನ್ನಡ ಭಾಳ ಚಲೋ ಮಾತಾಡ್ತಾನ್ರೀ ಇಂವ,
ಎಲ್ಲಿ ಕಲತನೋ ಕೇಳ್ರಿ."
ಇದೇ ರುದ್ರಮುನಿ ಹೋದ ವಾರ
ಕನ್ನಡ ಬಾರದ ಒಬ್ಬನನ್ನು
ಕನ್ನಡ ಬಾರದೆಂದೇ ಹೊರಗೆ ಕಳಿಸಿದ್ದ.

ಬುತ್ತಿ ಕಟ್ಟುವ ಅರಿವೆ, ಅರಿವೆಯೊಳಗೆ ಪ್ಲಾಸ್ಟಿಕ್ಕು,
ಪ್ಲಾಸ್ಟಿಕ್ಕಿನೊಳಗೆ ಮಡಿಕೆಗುಂಟ ಹರಿದ ಹಾಳೆ.
ರಾಯಪುರದ ಹತ್ತಿರದ ಡೇರೆಯ ಚೀಟಿ,
ಅಜ್ಜನ ಹೆಸರು, ಬಿಟ್ಟು ಬಂದ ಜಿಲ್ಲೆ,
ತಲೆಗಳು: ಆರು.
ಆರನ್ನು ಹೊಡೆದುಹಾಕಿ ಪಕ್ಕದಲ್ಲಿ
ಬೇರೆ ಶಾಯಿಯಲ್ಲಿ ಐದು.

ನಿಯಮ ಹನ್ನೊಂದು: ತಿದ್ದಿದ ದಾಖಲೆ
ಸ್ವೀಕರಿಸತಕ್ಕದ್ದಲ್ಲ.

"ಇದನ್ನ ಯಾರು ತಿದ್ದಿದ್ದು?"
"ಅಲ್ಲಿನ ಸಾಹೇಬ್ರ ರೀ.
ನಮ್ಮಪ್ಪನ ತಂಗಿ ಒಬ್ಬಾಕಿ ಇದ್ಲಂತ,
ಎಂಟು ತಿಂಗಳ ಕೂಸು.
ಡೇರೇದಾಗ ತೀರಿಕೊಂಡ ಮರುದಿನ
ರೇಶನ್ ಕೊಡೋ ಮುಂದ ಅಂಕಿ ಬದಲಿ ಮಾಡಿದ್ರಂತ."
ಹೇಳಿ, ಹಾಳೆಯ ಮೂಲೆಯ ಧೂಳನ್ನು
ಬೆರಳಿಂದಲ್ಲ, ಬಾಯಿಂದ ಊದಿದ.

ಕ್ಯಾಂಪು ಅಂದರೆ ನನಗೂ ಗೊತ್ತು.
ಗಂಗಾವತಿ ಸೀಮೆ, ಎಡದಂಡೆ ಕಾಲುವೆಯ ಕ್ಯಾಂಪಿನವಳು ನಾನು.
ನಮ್ಮ ತಾತ ಗೋದಾವರಿ ಕಡೆಯಿಂದ ಬಂದಾಗ
ಜತೆಗೆ ಎರಡು ಎತ್ತು, ಮೂರು ಚೀಲ ಬಿತ್ತನೆ ಭತ್ತ.
ಅವನು ದಾಟಿದ್ದು ಸೀಮೆ, ಇವರು ದಾಟಿದ್ದು ದೇಶ.
ಗೊತ್ತು, ಅದು ಬೇರೆ ಇದು ಬೇರೆ,
ರುದ್ರಮುನಿ ನನಗೆ ಹೇಳಿಕೊಡಬೇಕಾಗಿಲ್ಲ.
ಆದರೂ ಆ ರಾತ್ರಿ ಅಮ್ಮನಿಗೆ ಫೋನು ಮಾಡಿದೆ.
"ತಾತನ ಕಾಗದ ಏನಾದರೂ ಇದೆಯಾ?"
"ಪಹಣಿ ಇದೆಯಲ್ಲ."
"ಅದಕ್ಕಿಂತ ಮೊದಲಿನದು?"
"ಮೊದಲಿನದು ಎತ್ತು ತಿಂದಿರಬೇಕು ಕಣೇ"
ಅಂತ ನಕ್ಕಳು.
ಅಷ್ಟು ಹಗುರಾಗಿ ನಗಬಹುದು, ಯಾರೂ ಕೇಳದಿದ್ದರೆ.

ಬೆಳಿಗ್ಗೆ ಫಾರಂ ತೆಗೆದು ಗೀಟು ಎಳೆಯಲಿಲ್ಲ. ಬರೆದೆ:
ಮೂಲ ಚೀಟಿ ನೋಡಿದ್ದೇನೆ.
ತಿದ್ದುಪಡಿ ಇದೆ.
ತಿದ್ದುಪಡಿ ಸರಿಯಾಗಿದೆ.
ಸಹಿ, ತಾರೀಖು, ಮೊಹರು.

ಹೊಸಪೇಟೆಯ ಆಫೀಸಿನಿಂದ ಫೋನು ಬಂತು:
"ಏನ್ರೀ ಇದು, ಷರಾ ಅಂದ್ರ ಕಥಿ ಬರೆಯೋದಾ?"
ಫೈಲು ಇನ್ನೂ ಮೇಲೆಯೇ ಇದೆ.
ಕೇಳಿದರೆ, ಮ್ಯಾಲಿಂದ ಬರಬೇಕು ಅನ್ನುತ್ತಾರೆ,
ನಾನೂ ಅವನಿಗೆ ಅದನ್ನೇ ಅನ್ನುತ್ತೇನೆ.

ಅಲ್ಲಿವರೆಗೆ ಗೇಟಿನೆದುರಿನ ಹೋಟೆಲಿನಲ್ಲಿ
ಲೋಟ ತೊಳೆಯುತ್ತಾನೆ ನಿರಾಪದ.
ಅದಕ್ಕೆ ಯಾರೂ ಏನೂ ಕೇಳಿಲ್ಲ.
ಹನ್ನೊಂದಕ್ಕೆ ನಮ್ಮ ಆಫೀಸಿಗೂ ಅವನದೇ ಚಾ,
ರುದ್ರಮುನಿಗೆ ಸಕ್ಕರೆ ಜಾಸ್ತಿ.
ಟೇಬಲ್ಲಿನ ತುಂಬ ಯಾರ್ಯಾರದೋ ಹಾಳೆ.
ಬರಿಯ ಜಾಗ ಸಿಗುವವರೆಗೆ
ಬಿಸಿ ಲೋಟ ಹಿಡಿದು ನಿಂತಿರುತ್ತಾನೆ,
ಕಾಗದದ ಮೇಲೆ ಇಡುವುದಿಲ್ಲ.