ಅಂಕೋಲೆಯವರೆಗಿನ ಮಾತು

ನಲವತ್ತೈದು ನಿಮಿಷಕ್ಕೆ ಸಾವಿರದ ಇನ್ನೂರು ಎಂದಳು
ಮಡಗಾಂವಿನ ದವಾಖಾನೆಯ ಫೋನಿನ ಹುಡುಗಿ,
ಕೊಂಕಣಿಯಲ್ಲಿ, ಮೆತ್ತಗೆ.
ನಲವತ್ತೈದು ನಿಮಿಷವೆಂದರೆ ನನ್ನ ಲೆಕ್ಕದಲ್ಲಿ
ಕಾರವಾರ ನಿಲ್ದಾಣದಿಂದ ಅಂಕೋಲೆ.
ಬಿಣಗಾದ ಸುರಂಗ, ಅರ್ಗಾದ ನೌಕಾನೆಲೆಯ ಮುಗಿಯದ ಗೋಡೆ,
ಚೆಂಡಿಯಾ, ಅಮದಳ್ಳಿ, ಅವರ್ಸಾ.
ಈ ದಾರಿಗೆ ಸಾವಿರದ ಇನ್ನೂರು ಕೊಟ್ಟವರನ್ನು
ಹನ್ನೊಂದು ವರ್ಷದಲ್ಲಿ ನಾನು ಕಂಡಿಲ್ಲ.
ಹೆಂಗಸರಿಗಂತೂ ದಿನಕ್ಕೆ ಮುನ್ನೂರು ಸಲ
ಸೊನ್ನೆಯನ್ನೇ ಹರಿದು ಕೊಡುತ್ತೇನೆ.

ಸೀಟಿ ಬಾಯಿಗೆ ಬರುತ್ತಿಲ್ಲ, ಕಾಯಿಲೆ ಇಷ್ಟೇ.
ಹಾರವಾಡ ಕ್ರಾಸಿನಲ್ಲಿ ಮುದುಕರೊಬ್ಬರು ಇಳಿಯುತ್ತಿದ್ದರು,
ಒಂದು ಕಾಲು ನೆಲದ ಮೇಲೆ, ಒಂದು ನನ್ನ ಬಸ್ಸಿನಲ್ಲಿ.
ನಾನು ನೋಡಿದ್ದು ಒಂದೇ ಕಾಲು.
ಊದಿದೆ.
ಸೊಂಟ ಮುರಿಯಿತು, ಕೂಡಿತು. ಈಗ ಕೋಲು ಹಿಡಿದು
ಅದೇ ಬಸ್ಸು ಹತ್ತುತ್ತಾರೆ, ತಂಗೀ ಅನ್ನುತ್ತಾರೆ.
'ನಿರ್ವಾಹಕಿ ಶಾಂಭವಿ ಗುನಗಾ ಇವರ ತಪ್ಪು ಕಂಡುಬಂದಿಲ್ಲ.'
ಹಾಗೆಂದು ಬರೆದ ಕಾಗದ ನನ್ನ ಚೀಲದಲ್ಲಿದೆ,
ಚಿಲ್ಲರೆಯ ಕೆಳಗೆ.
ಆದರೂ ರಾತ್ರಿ ಎರಡಕ್ಕೆ ಎದ್ದು ಕೂತು
ಕಾಲುಗಳನ್ನು ಎಣಿಸುತ್ತೇನೆ.
ಬೆಸಸಂಖ್ಯೆಯೇ ಬರುತ್ತದೆ.

ವಿಮೆಯ ಏಜೆಂಟ್ ಉಲ್ಲಾಸ ಬಾಂದೇಕರ
ಕೋಡಿಬಾಗದ ಚಹಾದಂಗಡಿಯಲ್ಲಿ ಪಾಲಿಸಿ ಬಿಡಿಸಿದ.
'ಮನೋರೋಗವೂ ಇದೆ ಮೇಡಂ, ನೋಡಿ, ಪುಟ ಹತ್ತೊಂಬತ್ತು.'
ಬೆರಳು ಕೆಳಗಿಳಿಯಿತು, ಅಕ್ಷರ ಸಣ್ಣದಾಯಿತು:
ಒಳರೋಗಿಯಾಗಿ ಇಪ್ಪತ್ನಾಲ್ಕು ತಾಸು ದಾಖಲಾದಲ್ಲಿ ಮಾತ್ರ.
ನಾನು ಕೇಳಿದೆ, ರೋಗ ಒಳಗೇ ಇದೆಯಲ್ಲ?
ನಕ್ಕ. ಪಾಪ, ಕೆಟ್ಟವನಲ್ಲ.
'ರೋಗ ಒಳಗಿದ್ದರೆ ಸಾಲದು, ನೀವು ಒಳಗಿರಬೇಕು.
ಕೂತು ಮಾತಾಡಿ ಮನೆಗೆ ಹೋದರೆ ಹೊರರೋಗಿ.
ಮಾತಿಗೆ ಕ್ಲೇಮು ಇಲ್ಲ.'
ಎರಡೂ ಚಹಾದ ದುಡ್ಡು ಅವನೇ ಕೊಟ್ಟ.
ವರ್ಷಕ್ಕೆ ಒಂಬತ್ತು ಸಾವಿರ ನಾನು ಕಟ್ಟುತ್ತೇನೆ.

ಡಿಪೋದಲ್ಲಿ ಯಾರಾದರೂ ಎರಡು ಸಲ ಚಿಲ್ಲರೆ ಎಣಿಸಿದರೆ
'ಧಾರವಾಡದ ಗಾಡಿ ಹತ್ತಿಸ್ರೋ' ಅನ್ನುವುದು ಚಾಳಿ.
ನಾನೂ ಅಂದವಳೇ. ಅಂದು ನಕ್ಕವಳೇ.
ಸೀಟಿ ಬಿಟ್ಟು ತಗಡು ಬಡಿಯತೊಡಗಿದ ಮೇಲೆ
ನನ್ನೆದುರು ಎಲ್ಲರೂ ಆ ಮಾತು ನಿಲ್ಲಿಸಿದರು.
ಅದು ಹೆಚ್ಚು ಚುಚ್ಚಿತು.

ಚಾಲಕ ಮೌಲಾಸಾಬ ನವಲಗುಂದದ ಕಡೆಯವನು.
ಕುಮಟೆಯಲ್ಲಿ ಊಟದ ಬಿಡುವು. ಸ್ಟೇರಿಂಗ್ ಹಿಡಿದೇ ಕೂತಿದ್ದ.
'ನಾ ಹೋಗಿ ಬಂದೀನ್ರಿ ಅಕ್ಕಾರ' ಅಂದ, ಎದುರಿನ ಗಾಜಿಗೆ.
ಎಲ್ಲಿಗೆ?
'ಧಾರವಾಡಕ್ಕ. ಏಳು ಸಲ. ಹೆಂಡ್ತಿಗೆ
ಡೀಸೆಲ್ ಉಳಿಸೋ ಟ್ರೇನಿಂಗ್ ಅಂತ ಹೇಳಿದ್ದೆ.'
ಆಮೇಲೆ ಬುತ್ತಿ ಬಿಚ್ಚಿದ, ರೊಟ್ಟಿ, ಪುಂಡಿಪಲ್ಲೆ.
'ಅಷ್ಟು ದೂರ ಬ್ಯಾಡ ನಿಮಗ. ಇಲ್ಲೇ ದೊಡ್ಡಾಸ್ಪತ್ರ್ಯಾಗ ಕೇಳ್ರಿ.
ಚೀಟಿಗೆ ಹತ್ತು ರೂಪಾಯಿ.'

ಮಂಗಳವಾರಕ್ಕೆ ರಜೆ ಬದಲಿಸಿಕೊಂಡೆ.
ಲಸಿಕೆಯ ಶೀತಪೆಟ್ಟಿಗೆ ಗುಂಯ್ಗುಡುವ ಕೋಣೆಯ ಪಕ್ಕ ಬೆಂಚು.
ಮೀನುಬುಟ್ಟಿ ಹೊರಗಿಟ್ಟು ಬಂದ ಮಜಾಳಿಯ ಹೆಂಗಸು,
ಹೆಲ್ಮೆಟ್ ತೆಗೆಯದೆ ಕೂತ ಒಬ್ಬ ಹುಡುಗ.
ಅರ್ಧಕ್ಕರ್ಧ ನನ್ನ ಬಸ್ಸಿನವರೇ.
ಯಾರೂ ಯಾರ ಮುಖವನ್ನೂ ನೋಡದೆ
ಎಲ್ಲರೂ ಕ್ಯಾಲೆಂಡರ್ ನೋಡುತ್ತಿದ್ದೆವು.
ನನ್ನ ಪಾಲಿಗೆ ಹನ್ನೊಂದು ನಿಮಿಷ ಬಂತು.
ಹನ್ನೊಂದು ನಿಮಿಷಕ್ಕೆ ಬಸ್ಸು ಅರ್ಗಾ ದಾಟುವುದಿಲ್ಲ.
ನಾನಿನ್ನೂ ಮೊದಲ ಕಾಲಿನಲ್ಲಿದ್ದೆ.
ಆಪ್ತಸಮಾಲೋಚಕಿ ಗಡಿಯಾರ ನೋಡಲಿಲ್ಲ,
ಬಾಗಿಲು ನೋಡಿದಳು, ಬಾಗಿಲಾಚೆಯ ಬೆಂಚು ನೋಡಿದಳು,
ಚೀಟಿಯ ಮೇಲೆ ಬರೆದಳು: ಮತ್ತೆ ಬರುವುದು.

ಸ್ಟೇಜು ಸ್ಟೇಜಾಗಿ ಹೋದರೂ ಅಂಕೋಲೆ ಅಂಕೋಲೆಯೇ.
ನಾಲ್ಕು ಮಂಗಳವಾರ, ನಲವತ್ತು ರೂಪಾಯಿ.
ಒಂದು ನಿಮಿಷ ಕಡಿಮೆ ಬೀಳುತ್ತದೆ.
ಅದನ್ನು ಮೌಲಾಸಾಬ ಕೊಡುತ್ತಾನೆ,
ಹಾರವಾಡ ಕ್ರಾಸಿನಲ್ಲಿ ಎಂಜಿನ್ ತಗ್ಗಿಸಿ
ಕನ್ನಡಿಯಲ್ಲಿ ನನ್ನನ್ನೇ ನೋಡುತ್ತ.
ಕೋಲು ಇಳಿಯುತ್ತದೆ. ಒಂದು ಕಾಲು. ಇನ್ನೊಂದು.
ಎರಡು, ಅನ್ನುತ್ತೇನೆ ಬಾಯೊಳಗೆ,
ತಗಡು ಬಡಿಯುತ್ತೇನೆ.
ಸೀಟಿ ಇನ್ನೂ ಕೊರಳಲ್ಲೇ ಇದೆ.