ಹೂಂ

ಶನಿವಾರ ಎರಡರಿಂದ ಮೂರು. ವೇಳಾಪಟ್ಟಿಯಲ್ಲಿ ಏಟ್‌ಕಾಮ್.
ಹುಡುಗರು ಅದನ್ನು ‘ಏಟು ಕಮ್ಮಿ’ ಅನ್ನುತ್ತಾರೆ, ನನಗೆ ಕೇಳಿಸದೆಂದು.
ಕೇಳಿಸುತ್ತದೆ. ಮಡಿಕೇರಿಯಲ್ಲಿ ಮಂಜು ಕಿಟಕಿಗೆ ಬಂದು ನಿಂತರೆ
ಪಿಸುಮಾತೂ ಹತ್ತಿರ ಸರಿಯುತ್ತದೆ.

ಇವತ್ತು ಕರೆಂಟಿಲ್ಲ.
ಸ್ಲೈಡುಗಳನ್ನು ಕತ್ತಲೆಗೆ ಬಿಟ್ಟು
ಎಂಟು ಜನರನ್ನು ಹೆಂಗಸರ ವಾರ್ಡಿಗೆ ಕರೆದುಕೊಂಡು ಹೋದೆ.

ಗುರುಲಿಂಗನ ಲಾಗ್‌ಬುಕ್ಕಿನಲ್ಲಿ ದುಂಡಗೆ ಬರೆದಿದೆ:
ರೋಗಿಯ ಒಪ್ಪಿಗೆ ಪಡೆಯಲಾಗಿದೆ.
ಹೇಗೆ ಪಡೆದೆ?
‘ಕೇಳೀನ್ರಿ ಮೇಡಂ. ಹೂಂ ಅಂದ್ರು.’
ಯಾದಗಿರಿಯ ಹುಡುಗ. ಸುಳ್ಳು ಹೇಳುವವನಲ್ಲ.

ಸಿದ್ದಾಪುರದ ಕಡೆಯ ಲೈನ್‌ಮನೆಯ ಚೋಮಿ.
ಉಗುರ ಸಂದಿಯಲ್ಲಿ ಇನ್ನೂ ಕಾಫಿಹಣ್ಣಿನ ಕಪ್ಪು.
ಅವಳ ಎದೆಯಲ್ಲೊಂದು ಸದ್ದಿದೆ,
ಪರೀಕ್ಷೆಗೆ ಹೇಳಿ ಮಾಡಿಸಿದಂಥದ್ದು.
ಬೆಳಗಿನಿಂದ ಹದಿನಾರು ಕಿವಿ ಅದನ್ನು ಕೇಳಿ ಹೋಗಿವೆ,
ತಣ್ಣನೆಯ ಬಿಲ್ಲೆಯೊತ್ತಿ.

ಸ್ಟೂಲೆಳೆದು ಕೂತೆ.
ಚೋಮಿ, ಈ ಹುಡುಗ ನಿನ್ನನ್ನು ಏನು ಕೇಳಿದ?
‘ಹೂಂ.’
ಏನು ಕೇಳಿದ ಅಂದೆ.
‘ಹೂಂ.’
ಬೇಡ ಅನ್ನಬೇಕು ಅನಿಸಿದರೆ?
ಹೊಳೆ ತಿರುಗಿ ತಲಕಾವೇರಿಗೆ ಹತ್ತಿದರೆ ಎಂದು
ಕೇಳಿದವಳನ್ನು ನೋಡುವಂತೆ ನೋಡಿದಳು.

ಅರ್ಧ ದಿನ ಅಂತ ಬರೀಲಾ, ಅಂದಿರುತ್ತಾನೆ ರೈಟರು. ಹೂಂ.
ಕಡ್ಡಿ ಕಸಕ್ಕೆ ಎರಡು ಕಿಲೋ ಕಳೀಲಾ. ಹೂಂ.
ಇಲ್ಲಿ ಹೆಬ್ಬೆಟ್ಟು ಒತ್ತು. ಹೂಂ.
ಅದೇ ಹೂಂ ಅನ್ನು ನಾವೂ
ಬಿಳಿ ಕೋಟಿನ ಜೇಬಿಗೆ ಹಾಕಿಕೊಂಡೆವು.

ಹೇಳಬಾರದೆಂದಿದ್ದೆ. ಹೇಳಿದೆ, ಕಾರಿಡಾರಿನಲ್ಲಿ:
ಇಂಟರ್ನ್ ಆಗಿದ್ದ ಒಂದು ರಾತ್ರಿ, ಇಪ್ಪತ್ತೆರಡು ಹಾಸಿಗೆ,
ನಾಲ್ವರ ತೋಳಿಗೆ ಪಟ್ಟಿಯನ್ನೇ ಕಟ್ಟದೆ
ನೂರಿಪ್ಪತ್ತು ಬೈ ಎಂಬತ್ತು ಅಂತ ಬರೆದು ಮಲಗಿದೆ.
ಯಾರೂ ಸಾಯಲಿಲ್ಲ.
ಅದೇ ತೊಂದರೆ.
ಸತ್ತಿದ್ದರೆ ಅವತ್ತೇ ಕಲಿತಿರುತ್ತಿದ್ದೆ.
ಇಪ್ಪತ್ತಾರು ವರ್ಷವಾಯಿತು, ಇನ್ನೂ ಕಲಿಯುತ್ತಿದ್ದೇನೆ.

ಯಾರೂ ನಗಲಿಲ್ಲ. ಒಬ್ಬಳು ಶೂ ನೋಡಿದಳು.

ಗುರುಲಿಂಗ ಒಳಗೆ ಹೋದ. ಸ್ಟೂಲಿಗೆ ಕೂತ.
ಬಿಲ್ಲೆಯನ್ನು ಅಂಗೈಯಲ್ಲಿ ಬಹಳ ಹೊತ್ತು ಬೆಚ್ಚಗೆ ಮಾಡಿದ.
ತನ್ನೂರಿನ ಕನ್ನಡದಲ್ಲಿ, ಅವಳಿಗೆ ಅರೆಬರೆ ತಿಳಿಯುವಂತೆ,
ಏನು, ಯಾಕೆ, ಇದರಿಂದ ಅವಳಿಗೆ ಲಾಭವಿಲ್ಲ,
ತನಗೆ ಮಾತ್ರ ಎಂಬುದನ್ನೂ ಹೇಳಿದ.

ಚೋಮಿ ಮೊದಲು ಹೂಂ ಅಂದಳು.
ಆಮೇಲೆ ಕಂಬಳಿಯನ್ನು ಗಲ್ಲದವರೆಗೆ ಎಳೆದು
ಗೋಡೆಗೆ ಹೇಳಿದಳು:
‘ಇವತ್ತು ಬ್ಯಾಡ.’

ಅವನು ಎದ್ದ. ಕಿವಿ ಕೆಂಪಾಗಿತ್ತು.
ಬೆಚ್ಚಗಾದ ಬಿಲ್ಲೆ ಕೈಯಲ್ಲೇ ಇತ್ತು.
‘ಇದನ್ನ ಏನಂತ ಬರೀಲ್ರಿ, ಮೇಡಂ?’
ಬೇಡ ಅಂದರು ಅಂತಲೇ ಬರಿ.
‘ಅದಕ್ಕ ಕಾಲಮ್ಮೇ ಇಲ್ರಿ.’

ಅಂಚಿನಲ್ಲಿ ಬರೆಸಿದೆ. ಕೆಳಗೆ ಸಹಿ ಹಾಕಿದೆ.

ಮೂರಕ್ಕೆ ಕರೆಂಟು ಬಂತು.
ಮೇಲಿನ ಖಾಲಿ ಕೋಣೆಯಲ್ಲಿ
ಪ್ರೊಜೆಕ್ಟರು ತಾನೇ ಕಣ್ಣುಬಿಟ್ಟು
ಬೆಂಚುಗಳಿಗೆ ಪಾಠ ಮಾಡುತ್ತಿತ್ತು:
ಒಪ್ಪಿಗೆಯ ನಾಲ್ಕು ಲಕ್ಷಣಗಳು.