ಗುರಿ: ಸಹಿ

ಮಸ್ಕತ್ತಿನ ಹಮ್ರಿಯಾದಲ್ಲಿ, ಹೊಲಿಗೆ ಅಂಗಡಿಯ ಮೇಲೆ
ನಮ್ಮ ಕ್ಲಿನಿಕ್ಕು. ಲಿಫ್ಟ್ ಇದೆ, ಕೆಟ್ಟಿದೆ.
ಲಕ್ವಾ ಹೊಡೆದವರು ಇಪ್ಪತ್ತೆರಡು ಮೆಟ್ಟಿಲು ಹತ್ತಿ
ನಡೆಯುವುದನ್ನು ಕಲಿಯಲು ಬರುತ್ತಾರೆ.

ದಾವಲಸಾಬ ನದಾಫನನ್ನು ಹೊತ್ತು ತಂದವರು
ಅವನ ಕೋಣೆಯ ಇಬ್ಬರು ಬಂಗಾಳಿಗಳು.
ಗುಳೇದಗುಡ್ಡದ ಕಡೆಯವ, ಕಂಬಿ ಕಟ್ಟುವ ಕೆಲಸ.
ಜೂನ್ ತಿಂಗಳು, ಮೂರನೇ ಮಾಳಿಗೆ, ಬೆಳಗಿನ ಹನ್ನೊಂದಕ್ಕೆ
ಇಕ್ಕಳ ಜಾರಿತು, ಆಮೇಲೆ ಬಾಯಿ ಸೊಟ್ಟಗಾಯಿತು.
ಬಿಸಿಲು ಬಡಿದಿದೆ ಎಂದ ಫೋರ್‌ಮನ್
ತಲೆಗೆ ನೀರು ಸುರಿಸಿ ನೆರಳಲ್ಲಿ ಮಲಗಿಸಿದ.
ಐದು ಗಂಟೆ.
ಆ ಐದು ಗಂಟೆ ನನ್ನ ಯಾವ ಯಂತ್ರಕ್ಕೂ ಸಿಕ್ಕುವುದಿಲ್ಲ.

"ಕೈ ಕೊಡ್ತು ನೋಡ್ರಿ ಮೇಡಂ, ಬಲಗೈನ ಕೈ ಕೊಡ್ತು"
ಎಂದ ಮೊದಲ ದಿನ, ಅರ್ಧ ಬಾಯಲ್ಲಿ.
ನಕ್ಕದ್ದು ನಾವಿಬ್ಬರೇ.
ಪಕ್ಕದ ಮಂಚದ ಫಿಲಿಪೀನೊ ಅಡುಗೆಯವನಿಗೆ
ಹೇಗೆ ಬಿಡಿಸಿ ಹೇಳುವುದು?

ವಿಮೆಯವರು ಒಪ್ಪಿದ್ದು ಹನ್ನೆರಡು ಸಲ.
ಫಾರಮಿನಲ್ಲಿ ಒಂದು ಗೆರೆ: ರೋಗಿಯ ಗುರಿ ಏನು?
ಗೋಡೆ ಹಿಡಿಯದೆ ಕಕ್ಕಸಿಗೆ ಹೋಗುವುದು
ಎಂದು ಬರೆಯಹೊರಟಿದ್ದೆ.
ಕಂಪನಿಯ ಮಂದೂಬ್ ಕುಂಞಾಲಿ ತಡೆದ:
ಸಹಿ ಬರಬೇಕು. ಸಹಿ ಇಲ್ಲದೆ ಲೆಕ್ಕ ಚುಕ್ತಾ ಇಲ್ಲ,
ಚುಕ್ತಾ ಇಲ್ಲದೆ ಟಿಕೆಟ್ ಇಲ್ಲ.
ಹೆಬ್ಬೆಟ್ಟು? ಬ್ಯಾಂಕಿಗೆ ಬೇಡ,
ಹನ್ನೊಂದು ವರ್ಷದ ಹಿಂದಿನ ಸಹಿಯೇ ಬೇಕು.

ಅದರ ನಕಲು ತೋರಿಸಿದ. ಕನ್ನಡದಲ್ಲಿತ್ತು.
ನಾಲ್ಕನೇ ಇಯತ್ತೆಯ ದುಂಡು ಅಕ್ಷರ, ದಾ ವ ಲ ಸಾ ಬ,
ಎರಡೂ ದೀರ್ಘ ಸರಿಯಾಗಿ.
ಈ ಊರಿನ ಬ್ಯಾಂಕಿನಲ್ಲಿ ಅದು ಹೆಸರಲ್ಲ, ಚಿತ್ರ.

ಕನ್ನಡಿ ಪೆಟ್ಟಿಗೆಯಲ್ಲಿ ಎಡಗೈ ಆಡಿಸಿದರೆ
ಬಲಗೈ ಆಡಿದಂತೆ. "ಮೋಸ ಐತ್ರಿ ಇದು" ಎಂದ.
ಆದರೂ ನೋಡುತ್ತಲೇ ಇದ್ದ.
ಒಂದು ಬಟ್ಟಲಿನಿಂದ ಇನ್ನೊಂದಕ್ಕೆ ಖರ್ಜೂರದ ಬೀಜ,
ಆಮೇಲೆ ಕಡಲೆ ಕಾಳು.
ಹಗ್ಗಕ್ಕೆ ಬಟ್ಟೆಯ ಕ್ಲಿಪ್ಪು. ಮೂರನೆಯದಕ್ಕೇ ಬೆವರು,
ದಿನಕ್ಕೆ ಎರಡು ಸಾವಿರ ಗಂಟು ಹಾಕುತ್ತಿದ್ದವನಿಗೆ.
ಆರನೇ ಸಲ ನಾನೇ ಒಂದು ತುಂಡು ಕಟ್ಟುತಂತಿ ತಂದು
ಅಂಗೈಯಲ್ಲಿಟ್ಟೆ.
ಬೆರಳಿಗೆ ಗುರುತು ಹತ್ತಿತು. ತಿರುಚಿತು, ಅರ್ಧ ಸುತ್ತು,
ಸಂತೆಯಲ್ಲಿ ಹಳೆಯ ಬೀಗರು ಎದುರಾದಂತೆ.

ಹಿಡಿಯುವುದು ಬೇಗ ಬರುತ್ತದೆ, ಬಿಡುವುದು ತಡ.
ಹುಟ್ಟಿದ ಕೂಸೂ ಹಾಗೆ, ಲಕ್ವಾದ ಕೈಯೂ ಹಾಗೆ.
ಪೆನ್ನು ಹಿಡಿದ. ಇಳಿಸಲು
ಒಂದೊಂದೇ ಬೆರಳು ನಾನು ಬಿಡಿಸಬೇಕಾಯಿತು.

ಒಂಬತ್ತನೇ ಸಲ ಮರಳಿನ ತಟ್ಟೆಯಲ್ಲಿ ದ ಬಂತು,
ಬಸುರಿಯ ಹಾಗೆ. ವ ಕುಡಿದವನಂತೆ ವಾಲಿತು.
ಲ ಎರಡು ದಿನ ಕಾಡಿತು.
ಅವನ ಮುಂಗೈ ಮೇಲೆ ಕೈಯಿಟ್ಟು ತಿದ್ದಿಸುವಾಗ
ನನಗೂ ತಡವರಿಸಿತು.
ಏಳು ವರ್ಷದಿಂದ ಕನ್ನಡ
ನನ್ನ ಹೆಬ್ಬೆರಳಲ್ಲಿ ಮಾತ್ರ ಇತ್ತು, ಮೊಬೈಲಿನ ಮೇಲೆ.

ಹನ್ನೊಂದನೇ ಸಲಕ್ಕೆ ಕುಂಞಾಲಿ ಕಾಗದ ತಂದ.
ಅರಬ್ಬಿ, ಕೆಳಗೆ ಇಂಗ್ಲಿಷ್. ಓದಿದೆ.
ನನಗೆ ಬರಬೇಕಾದುದೆಲ್ಲ ಬಂದಿದೆ.
ಮುಂದೆ ಯಾವ ಕೋರ್ಟಿನಲ್ಲೂ ಏನನ್ನೂ ಕೇಳುವುದಿಲ್ಲ.
ಆ ಐದು ಗಂಟೆಯ ಮಾತು ಎಲ್ಲೂ ಇಲ್ಲ.
ಅವನಿಗೆ ಎರಡು ಸಲ ಹೇಳಿದೆ, ಮೆಲ್ಲಗೆ.
"ಕೈ ಇನ್ನೂ ಬಂದಿಲ್ಲ ಅಂತ ಬರೀಲಾ?"
ದಾವಲಸಾಬ ಕಿಟಕಿಯಾಚೆ ತಿರುಗುವ ಕ್ರೇನು ನೋಡಿದ.
"ಬಂದೈತಲ್ರಿ. ನೀವ ತಂದೀರಿ.
ಸುಳ್ಳು ಯಾಕ ಬರೀತೀರಿ?"

ಬರೆದ. ಎಂಟು ನಿಮಿಷ.
ಬ ಕಾಗದದ ಅಂಚು ದಾಟಿ ಮೇಜಿಗೆ ಇಳಿಯಿತು.
ಬ್ಯಾಂಕು ಒಪ್ಪಿತು.
ನಾನು ಫೈಲಿನಲ್ಲಿ ಬರೆದೆ: ಗುರಿ ತಲುಪಿದೆ.
ಕಾಲು ಇನ್ನೂ ಎಳೆಯುತ್ತಿತ್ತು; ಅದಕ್ಕೆ ಗೆರೆ ಇರಲಿಲ್ಲ.

ಹನ್ನೆರಡನೇ ಸಲ ಬಂದವನು ಕೂರಲಿಲ್ಲ.
ರಾತ್ರಿಯ ವಿಮಾನ. ಬಲಗೈ ಚಾಚಿದ, ಕೊಟ್ಟೆ.
ಹಿಡಿದ, ಗಟ್ಟಿಯಾಗಿ. ಬಿಡಲು ಬರಲಿಲ್ಲ.
ಕೆಳಗೆ ವ್ಯಾನಿನ ಹಾರನ್ನು, ಮತ್ತೊಮ್ಮೆ ಹಾರನ್ನು.
ನನ್ನ ಎಡಗೈ ಅಭ್ಯಾಸದಂತೆ ಮುಂದೆ ಬಂತು.
"ತಡೀರಿ, ಬಿಡಿಸಬ್ಯಾಡ್ರಿ" ಎಂದ,
ತನ್ನ ಕಿರುಬೆರಳನ್ನೇ ನೋಡುತ್ತ.
ನಾವಿಬ್ಬರೂ ಕಾದೆವು.